ಗಡಿಗೆ ಬಡಿದಂತೆ ವೀಲ್ ಬಡಿಯುವ ಹೊಳಲಿನ ಮೇಸ್ತ್ರಿ

ರಟ್ಟಿನ ಡಬ್ಬಿಯಿಂದ ತೆಗೆದ ಹೊಸ ಗ್ರೈಂಡಿಂಗ್ ವೀಲನ್ನು ಮೇಸ್ತ್ರಿ ನೇರವಾಗಿ ಮಷಿನ್ನಿಗೆ ಹಾಕಲಿಲ್ಲ. ನಡುವಿನ ತೂತಿಗೆ ಬೆರಳು ತೂರಿಸಿ ನೇತಾಡಿಸಿದರು. ಸ್ಕ್ರೂಡ್ರೈವರಿನ ಮರದ ಹಿಡಿಯಿಂದ ಅಂಚಿನ ಹತ್ತಿರ ಮೆಲ್ಲಗೆ ತಟ್ಟಿದರು. ಠಣ್. ಸ್ವಲ್ಪ ತಿರುಗಿಸಿ ಮತ್ತೊಮ್ಮೆ, ಠಣ್. ಆಮೇಲೆ ಮೂಲೆಯಲ್ಲಿದ್ದ ಹಳೆಯ ವೀಲನ್ನು ತಟ್ಟಿದರೆ ಬಂದದ್ದು ದಬ್! ಒಳಗೆಲ್ಲೋ ಕಣ್ಣಿಗೆ ಕಾಣದ ಸೀಳು.

“ಗಡಿಗಿ ಕೊಳ್ಳಾಗ ಬಡದು ನೋಡಂಗಿಲ್ಲೇನ್ರಿ? ಇದೂ ಹಂಗ.”

ಹೂವಿನಹಡಗಲಿ ತಾಲ್ಲೂಕಿನ ಹೊಳಲಿನಲ್ಲಿ ನಿಂತು ಈ ಸದ್ದು ಕೇಳಿದರೆ ಊರಿನ ಅನಂತಶಯನ ಮೂರ್ತಿ ನೆನಪಾಗದೆ ಇರದು. ಹೊಸಪೇಟೆ ಬಳಿ ಕೃಷ್ಣದೇವರಾಯ 1524ರಲ್ಲಿ ಕಟ್ಟಿಸಿದ ಅನಂತಶಯನಗುಡಿಯಲ್ಲಿ ಪವಡಿಸಬೇಕಿದ್ದ ದೇವರು, ನೋಡಬಾರದೆಂಬ ಮಾತು ಮುರಿದು ಅರಸ ಹಿಂದಿರುಗಿ ನೋಡಿದ್ದಕ್ಕೆ ಹೊಳಲಲ್ಲೇ ಉಳಿದನೆಂಬುದು ಊರಿನ ಕಥೆ. ಅಂಥ ಮೂರ್ತಿಗೆ ಕಲ್ಲು ಆರಿಸುವಾಗಲೂ ಶಿಲ್ಪಿಗಳಿಗೆ ಕಿವಿಯೇ ಸಾಕ್ಷಿ. ಗಂಟೆಯಂತೆ ನುಡಿದರೆ ಪುರುಷಶಿಲೆ, ಕಂಚಿನ ತಾಳದಂತೆ ನುಡಿದರೆ ಸ್ತ್ರೀಶಿಲೆ, ಸದ್ದೇ ಇಲ್ಲದ್ದು ನಪುಂಸಕಶಿಲೆ ಎನ್ನುತ್ತದೆ ಶಿಲ್ಪಶಾಸ್ತ್ರ. ಉಳಿ ಹಿಡಿದವರ ಆ ವಿದ್ಯೆ ಕಿಡಿ ಹಾರಿಸುವವರ ಕೈಯಲ್ಲಿ ಉಳಿದಿರುವುದು ಎಂಥ ಸೊಗಸು! ಜಗತ್ತಿನೆಲ್ಲೆಡೆ ಬೆಂಚ್ ಗ್ರೈಂಡರ್ ವೀಲಿಗೆ ಕಲಿಸುವ ಮೊದಲ ಪಾಠವೂ ಇದೇ. ತೆಳು ಕಟಿಂಗ್ ವೀಲಿಗೆ ಮಾತ್ರ ಇದು ನಡೆಯದು. ಅದರ ನಡುವಿನ ಲೋಹದ ಬಳೆಯ ಮೇಲೆ ಅಚ್ಚಾದ ಅವಧಿ ನೋಡಬೇಕು. ತಯಾರಾದ ಮೂರು ವರ್ಷಕ್ಕೆ ಸಾಮಾನ್ಯವಾಗಿ ಅದರ ಆಯಸ್ಸು ಮುಗಿಯುತ್ತದೆ.

ಇಷ್ಟೊಂದು ಎಚ್ಚರಿಕೆ ಯಾಕೆ? ಲೆಕ್ಕ ಹಾಕಿ. 4 ಇಂಚಿನ ಕೈ ಗ್ರೈಂಡರ್ ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುತ್ತದೆ. ವೀಲಿನ ಅಂಚಿನ ವೇಗ ಗಂಟೆಗೆ 200 ಕಿ.ಮೀ. ದಾಟುತ್ತದೆ. ಗಾರ್ಡ್ ಬಿಚ್ಚಿ ಅದಕ್ಕೇ 7 ಇಂಚಿನ ವೀಲ್ ಹಾಕುವವರಿದ್ದಾರೆ. 8,500 ಸುತ್ತಿಗಷ್ಟೇ ತಾಳುವ ಆ ವೀಲಿನ ಅಂಚು ಆಗ 370 ಕಿ.ಮೀ. ವೇಗದಲ್ಲಿ ಓಡುತ್ತದೆ. ಒಡೆದರೆ ಚೂರುಗಳು ಹಾರುವುದೂ ಅದೇ ವೇಗದಲ್ಲಿ, ಹಿಡಿದವನ ಮುಖದ ನೇರಕ್ಕೇ. ಇದನ್ನು ಜಾಣತನ ಅನ್ನುವವರ ಮಾತು ದಯವಿಟ್ಟು ಕೇಳಬೇಡಿ.

1948ರ ಕಾರ್ಖಾನೆ ಕಾಯ್ದೆಯ 30ನೇ ಕಲಮು, ಪ್ರತಿ ವೀಲಿನ ಸುರಕ್ಷಿತ ವೇಗವನ್ನು ಬರೆದು ಯಂತ್ರದ ಹತ್ತಿರವೇ ಹಾಕಬೇಕೆಂದಿತ್ತು. 35ನೇ ಕಲಮು ಕಣ್ಣಿನ ರಕ್ಷಣೆಯದಾಗಿತ್ತು. ಆದರೆ ಹತ್ತು ಆಳೂ ಇಲ್ಲದ ಊರಿನ ವೆಲ್ಡಿಂಗ್ ಅಂಗಡಿಗೆ ಆ ಕಾಯ್ದೆ ಸಾಮಾನ್ಯವಾಗಿ ತಾಗುತ್ತಿರಲಿಲ್ಲ. ಕುಂಟೆಯ ತಾಳು, ಟ್ರ್ಯಾಕ್ಟರಿನ ಹಲ್ಲು, ಕಿಟಕಿಯ ಗ್ರಿಲ್ ಎಲ್ಲ ತಯಾರಾಗುವುದು ಇಂಥ ಅಂಗಡಿಗಳಲ್ಲೇ.

ಹೊಸ ವೀಲ್ ಕೂರಿಸಿದ ಮೇಸ್ತ್ರಿ, ಕೆಲಸದ ಕಬ್ಬಿಣ ಇಡುವ ಪಟ್ಟಿಗೂ ವೀಲಿಗೂ 3 ಮಿ.ಮೀ.ಗಿಂತ ಹೆಚ್ಚು ಸಂದಿ ಇರದಂತೆ ಬಿಗಿ ಮಾಡಿದರು. ಕನ್ನಡಕ ಏರಿಸಿದರು. ಕೊರಳ ಟವೆಲ್ ತೆಗೆದು ಗೂಟಕ್ಕೆ ಹಾಕಿದರು. ಸ್ವಿಚ್ ಒತ್ತಿ, ಎದುರಿಗೆ ನಿಲ್ಲದೆ ಮಗ್ಗುಲಿಗೆ ಸರಿದು, ಒಂದು ನಿಮಿಷ ಬರಿದೇ ತಿರುಗಲು ಬಿಟ್ಟರು.

ದಬ್ ಎಂದಿದ್ದ ಹಳೆಯ ವೀಲನ್ನು ಕಲ್ಲ ಮೇಲಿಟ್ಟು, ಸುತ್ತಿಗೆಯಿಂದ ಎರಡು ಹೋಳು ಮಾಡಿ ಗುಜರಿ ಚೀಲಕ್ಕೆ ಹಾಕಿದರು, ಮತ್ಯಾರೂ ಎತ್ತಿ ಮಷಿನ್ನಿಗೆ ಹಾಕದಿರಲೆಂದು.