ಬದಲಿ ರೂಟರು ಏಕೆ ಸುಮ್ಮನಿದ್ದಿತು?

2016ನೆಯ ಇಸವಿಯ ಜುಲೈ 20ರಂದು ಅಮೆರಿಕದ ಸೌತ್‌ವೆಸ್ಟ್ ಏರ್‌ಲೈನ್ಸ್ ಸಂಸ್ಥೆಯ ಕಂಪ್ಯೂಟರ್ ವ್ಯವಸ್ಥೆ ಅಸ್ತವ್ಯಸ್ತವಾಯಿತು. ಕೆಲವೇ ದಿನಗಳಲ್ಲಿ 2,000ಕ್ಕೂ ಮಿಕ್ಕ ವಿಮಾನ ಸಂಚಾರಗಳು ರದ್ದಾದವು. ಇದಕ್ಕೆಲ್ಲ ಮೂಲವಾದುದು ಒಂದು ರೂಟರು. ಬದಲಿ ಏರ್ಪಾಡು ಇರಲಿಲ್ಲವೆಂದಲ್ಲ. ಇದ್ದೂ ಅದು ಕೆಲಸಕ್ಕೆ ಬರಲಿಲ್ಲ. ಇದೇಕೆಂದು ತಿಳಿಯಲು ಬದಲಿ ರೂಟರು ಕೆಲಸಮಾಡುವ ಬಗೆಯನ್ನು ನಾವು ಮೊದಲು ಅರಿಯಬೇಕು.

ಕಟ್ಟಡವೊಂದರ ಕಂಪ್ಯೂಟರುಗಳಿಂದ ಹೊರಡುವ ಸಂದೇಶಗಳು ಹೊರಜಾಲವನ್ನು ಸೇರುವುದು ರೂಟರಿನ ಮೂಲಕ, ಅದು ಊರಬಾಗಿಲಿದ್ದಂತೆ. ಪ್ರತಿಯೊಂದು ಕಂಪ್ಯೂಟರಿಗೂ ಆ ಬಾಗಿಲಿನ ವಿಳಾಸ ಗೊತ್ತಿರುತ್ತದೆ. ಪಕ್ಕದಲ್ಲಿ ಎರಡನೆಯ ರೂಟರೊಂದನ್ನು ಇರಿಸಿದೆವೆನ್ನಿ. ಮೊದಲನೆಯದು ಕೆಟ್ಟರೂ ಕಂಪ್ಯೂಟರುಗಳು ಹಳೆಯ ವಿಳಾಸಕ್ಕೇ ಸಂದೇಶಗಳನ್ನು ಕಳುಹುತ್ತಿರುವುವಲ್ಲದೆ ಹೊಸದರ ಕಡೆ ತಿರುಗಿಯೂ ನೋಡವು! ಆದ್ದರಿಂದ ಎಂಜಿನಿಯರರು ಎರಡೂ ರೂಟರುಗಳಿಗೆ ಸೇರಿದ ಕಲ್ಪಿತ ವಿಳಾಸವೊಂದನ್ನು ಏರ್ಪಡಿಸಿದರು. ತಾಲ್ಲೂಕು ಕಚೇರಿಯಲ್ಲಿ ಅಧಿಕಾರಿ ಬದಲಾದರೂ ಅರ್ಜಿಗಳು ‘ತಹಸೀಲ್ದಾರರಿಗೆ’ ಎಂದೇ ಬರುವುದಿಲ್ಲವೆ? ಇದೂ ಹಾಗೆಯೇ.

1998ರಲ್ಲಿ ಪ್ರಕಟವಾದ ವಿ.ಆರ್.ಆರ್.ಪಿ. ಎಂಬ ನಿಯಮಾವಳಿಯಂತೆ, ಪದವಿಯಲ್ಲಿರುವ ರೂಟರು ಸಾಮಾನ್ಯವಾಗಿ ಸೆಕೆಂಡಿಗೊಮ್ಮೆ ‘ನಾನಿದ್ದೇನೆ’ ಎಂದು ಸಾರುತ್ತಿರುತ್ತದೆ. ಮೂರು ಸೆಕೆಂಡು ಕಳೆದು ಇನ್ನೂ ತುಸು ಹೊತ್ತು ಆ ದನಿ ಕೇಳಿಸದಿದ್ದರೆ ಬದಲಿ ರೂಟರು ವಿಳಾಸವನ್ನು ತಾನು ವಹಿಸಿಕೊಳ್ಳುವುದು. ಸೊಗಸಿರುವುದು ಆ ‘ತುಸು ಹೊತ್ತಿ’ನಲ್ಲಿಯೇ. ಪ್ರತಿ ರೂಟರಿಗೂ ದರ್ಜೆಯನ್ನು ಸೂಚಿಸುವ ಅಂಕವೊಂದಿರುತ್ತದೆ. ಅದನ್ನು 256ರಿಂದ ಕಳೆದು, ಉಳಿದುದನ್ನು 256ರಿಂದ ಭಾಗಿಸಿದರೆ ಹೆಚ್ಚಾಗಿ ಕಾಯಬೇಕಾದ ಕಾಲ ಸೆಕೆಂಡಿನಲ್ಲಿ ದೊರೆಯುತ್ತದೆ. ಅಂಕ 200 ಆದರೆ 0.22 ಸೆಕೆಂಡು, 100 ಆದರೆ 0.61. ಬದಲಿಗಳು ಹಲವಿದ್ದರೂ ಮೇಲ್ದರ್ಜೆಯದೇ ಮೊದಲು ಎಚ್ಚೆತ್ತುಕೊಳ್ಳುವುದರಿಂದ ಪದವಿಗಾಗಿ ಜಗಳವಿಲ್ಲ. ಮನುಷ್ಯರಲ್ಲಿ ಇಷ್ಟು ಶಿಸ್ತು ಅಪರೂಪ!

ತೊಡಕು ಬೇರೊಂದೆಡೆ ಇದೆ. ಇಂಥ ಏರ್ಪಾಡಿನಲ್ಲಿ ಬದಲಿ ರೂಟರನ್ನು ಎಬ್ಬಿಸುವುದು ಮೌನ. ಮೊದಲನೆಯದು ಪೂರ್ತಿ ಸಾಯದೆ, ಸಂದೇಶಗಳನ್ನು ಸಾಗಿಸಲಾರದಿದ್ದರೂ ‘ನಾನಿದ್ದೇನೆ’ ಎನ್ನುತ್ತಲೇ ಇದ್ದರೆ? ಸೌತ್‌ವೆಸ್ಟಿನ ರೂಟರು ಭಾಗಶಃ ಮಾತ್ರ ಕೆಟ್ಟಿದ್ದುದರಿಂದ ಬದಲಿ ವ್ಯವಸ್ಥೆ ಚಾಲನೆಗೆ ಬರಲಿಲ್ಲವೆಂದು ಸಂಸ್ಥೆಯೇ ತಿಳಿಸಿತು. ಇದನ್ನು ತಪ್ಪಿಸಲು, ರೂಟರು ಹೊರಜಾಲದ ದೂರದ ಸ್ಥಾನವೊಂದಕ್ಕೆ ಪರೀಕ್ಷಾ ಸಂದೇಶವನ್ನು ಆಗಾಗ ಕಳುಹಿಸಿ, ಉತ್ತರ ಬಾರದಿದ್ದರೆ ತನ್ನ ಅಂಕವನ್ನು ತಾನೇ ಇಳಿಸಿಕೊಳ್ಳುವಂತೆ ಏರ್ಪಡಿಸುವುದುಂಟು. ಆಗ ಹೆಚ್ಚು ಅಂಕದ ಬದಲಿ ರೂಟರು ಮುಂದೆ ಬರುತ್ತದೆ.

ಇನ್ನು ಲೆಕ್ಕದ ಮಾತು. ನೂರು ಗಂಟೆಗಳಲ್ಲಿ ಒಂದು ಗಂಟೆ ನಿಲ್ಲುವ ರೂಟರಿನಿಂದ ವರ್ಷಕ್ಕೆ ಸುಮಾರು 88 ಗಂಟೆಗಳು ನಷ್ಟ. ಅಂಥ ಎರಡು ಸ್ವತಂತ್ರವಾಗಿ ಕೆಡುವುವಾದರೆ, ಎರಡೂ ಒಟ್ಟಿಗೆ ನಿಲ್ಲುವ ಕಾಲ ಸುಮಾರು 53 ನಿಮಿಷ ಮಾತ್ರ. ‘ಸ್ವತಂತ್ರವಾಗಿ’ ಎಂಬ ಮಾತನ್ನು ವಿದ್ಯಾರ್ಥಿಗಳು ಗಮನಿಸಬೇಕು. ಎರಡನ್ನೂ ಒಂದೇ ವಿದ್ಯುತ್ ತಂತಿಗೆ ಸಿಕ್ಕಿಸಿದ್ದರೆ ಈ ಗುಣಾಕಾರ ಸಲ್ಲದು; ತಂತಿ ಕಡಿದೊಡನೆ ಎರಡೂ ನಿಲ್ಲುವುವು.