ನಗುವ ಮುಖ, ನಡುಗಿಸುವ ಮುಖ: ಭಯಾನಕ ಚಿತ್ರಗಳಲ್ಲಿ ಕ್ಲೌನ್

ವಿಶ್ವನಾಥನ 'ಸಾಹಿತ್ಯದರ್ಪಣ'ವು ಭಯಾನಕ ಹಾಗೂ ಕರುಣಗಳನ್ನು ಹಾಸ್ಯಕ್ಕೆ ವಿರೋಧಿಯಾದ ರಸಗಳೆಂದು ಹೇಳುತ್ತದೆ. ಆದರೆ ಪಾಶ್ಚಾತ್ಯ ಭಯಾನಕ ಚಿತ್ರಗಳಲ್ಲಿ, ಸಿನಿಮಾ ಭಿತ್ತಿಪತ್ರಗಳಲ್ಲಿ ಪದೇ ಪದೇ ಕಾಣುವ ಕ್ಲೌನ್‌ನ ರೂಪವು ಹಾಸ್ಯ-ಭಯಾನಕಗಳನ್ನು ಒಂದೇ ಮುಖದಲ್ಲಿ ಬೆಸೆಯುತ್ತದೆ. ಇದನ್ನು ರಸಾಭಾಸವೆಂದು ಬದಿಗಿಡಬಹುದೆ, ಅಥವಾ ಆ ವಿರೋಧದ ಕಲ್ಪನೆಯನ್ನೇ ಮರುಪರಿಶೀಲಿಸಬೇಕೆ ಎಂಬುದು ಇಲ್ಲಿನ ಪ್ರಶ್ನೆ. (ಕ್ಲೌನ್‌ನನ್ನು 'ವಿದೂಷಕ' ಎನ್ನುವುದು ವಾಡಿಕೆಯಾದರೂ, ರಾಜನ ಆಪ್ತನಾದ ಸಂಸ್ಕೃತ ನಾಟಕದ ವಿದೂಷಕನಿಗೂ ಇವನಿಗೂ ಸಂಬಂಧ ತೀರ ತೆಳುವಾದುದು; ಆದ್ದರಿಂದ ಮೂಲಪದವನ್ನೇ ಉಳಿಸಿಕೊಳ್ಳಲಾಗಿದೆ.)

ಈ ರೂಪ ಇತ್ತೀಚಿನದೆಂಬ ಗ್ರಹಿಕೆ ಸರಿಯಲ್ಲ. ಲಿಯೊಂಕವಾಲೊನ 'ಪಲ್ಯಾಚಿ' (1892) ಗೀತನಾಟಕದಲ್ಲಿಯೇ ಕ್ಲೌನ್ ವೇಷಧಾರಿಯು ರಂಗದ ಮೇಲೆ ಹೆಂಡತಿಯನ್ನು ಕೊಲ್ಲುತ್ತಾನೆ. ವಿಕ್ಟರ್ ಹ್ಯೂಗೋನ 1869ರ ಕಾದಂಬರಿಯ ನಾಯಕ ಗ್ವಿನ್‌ಪ್ಲೇನ್‌ನ ಬಾಯಿಯನ್ನು ಬಾಲ್ಯದಲ್ಲಿಯೇ ಶಾಶ್ವತ ನಗುವಾಗಿ ವಿರೂಪಗೊಳಿಸಲಾಗಿದೆ. 1928ರ ಚಲನಚಿತ್ರದಲ್ಲಿ ಕಾನ್ರಾಡ್ ವೈಟ್ ಧರಿಸಿದ ಆ ಮುಖವು 1940ರಲ್ಲಿ 'ಬ್ಯಾಟ್‌ಮನ್' ಚಿತ್ರಕಥೆಯ ಜೋಕರ್‌ಗೆ ಮಾದರಿಯಾಯಿತು. ಸ್ಟೀಫನ್ ಕಿಂಗ್‌ನ 'ಇಟ್' (1986) ಕಾದಂಬರಿಯ ಪೆನ್ನಿವೈಸ್ ಈ ಪರಂಪರೆಯ ಅತಿ ಪ್ರಸಿದ್ಧ ರೂಪ.

ಭಯದ ಮೂಲ ಬಣ್ಣಗಾರಿಕೆಯಲ್ಲಿದೆ. ಲಂಡನ್ನಿನ ಜೋಸೆಫ್ ಗ್ರಿಮಾಲ್ಡಿ (1778-1837) ರೂಢಿಗೆ ತಂದ ಬಿಳಿಯ ಮುಖ, ಕೆಂಪು ಕೆನ್ನೆಗಳು ವಿಶಾಲ ರಂಗಮಂದಿರಕ್ಕೆ ಒಪ್ಪುವಂಥವು. ಚಿತ್ರಪಟದಲ್ಲಿ ಅದೇ ಮುಖ ನೋಡುಗನ ಕಣ್ಣೆದುರಿಗೇ ಬರುತ್ತದೆ. ನಮ್ಮ ಪರಿಭಾಷೆಯಲ್ಲಿ ಹೇಳುವುದಾದರೆ, ಅನುಭಾವದ ಮೂಲಕ ಸಹೃದಯನು ಭಾವವನ್ನು ಊಹಿಸಬೇಕು. ಇಲ್ಲಿ ನಗುವೆಂಬ ಅನುಭಾವವನ್ನು ಬಣ್ಣದಿಂದ ಬರೆದಿಡಲಾಗಿದೆ; ಒಳಗಿರುವುದು ಕ್ರೋಧವೋ ದುಃಖವೋ, ಮುಖ ಬದಲಾಗದು. ಊಹೆಗೆ ಆಧಾರ ತಪ್ಪಿದೊಡನೆ ನಗು ಶಂಕೆಯಾಗುತ್ತದೆ. ಕಲಾವಿದನು ಹಲ್ಲುಗಳನ್ನು ಚೂಪುಗೊಳಿಸುವುದು, ರಕ್ತ ಬಳಿಯುವುದು ಅನಂತರದ ಅಲಂಕಾರ, ಬಹುಪಾಲು ಅನಗತ್ಯವೂ ಹೌದು.

'ನಾಟ್ಯಶಾಸ್ತ್ರ'ವನ್ನು ಮತ್ತೆ ನೋಡಿದರೆ ವಿಷಯ ಇನ್ನೂ ಸ್ವಾರಸ್ಯಕರ. ಭರತನು ಹಾಸ್ಯದ ವಿಭಾವಗಳಲ್ಲಿ ವಿಕೃತ ವೇಷವನ್ನೂ, ಭಯಾನಕದ ವಿಭಾವಗಳಲ್ಲಿ ವಿಕೃತ ಧ್ವನಿಯನ್ನೂ ಹೇಳುತ್ತಾನೆ. ವಿಕೃತಿಯೆಂಬುದು ಎರಡಕ್ಕೂ ಸಮಾನ. ಅದು ನಿರಪಾಯವೆಂಬ ಭರವಸೆಯಿದ್ದಾಗ ಹಾಸ್ಯ, ಭರವಸೆ ಕಳಚಿದಾಗ ಭಯಾನಕ. ಹಾಗಾಗಿ ವಿಶ್ವನಾಥನು ಹೇಳುವ ವಿರೋಧವು ದೂರದ ಎರಡು ರಸಗಳ ನಡುವಿನದಲ್ಲ, ದಾಯಾದಿಗಳ ನಡುವಿನದು ಎನ್ನಬೇಕಾಗುತ್ತದೆ. ಇನ್ನು ಆತನು ಹೆಸರಿಸಿದ ಮತ್ತೊಂದು ವಿರೋಧಿಯಾದ ಕರುಣವು ಗ್ವಿನ್‌ಪ್ಲೇನ್‌ನ ಮುಖದಲ್ಲಿಯೇ ಇದೆ. ಜೋಕರ್‌ನ ಚಿತ್ರಕಾರರು ನಗುವನ್ನು ಉಳಿಸಿಕೊಂಡು ಬಿಟ್ಟುಕೊಟ್ಟದ್ದು ಅದನ್ನೇ.