ತರಗತಿಯಲ್ಲಿ ಚರ್ಚೆ: ಎರಡೂ ಪಕ್ಷದಲ್ಲಿ ನಿಂತು ಕಲಿಯುವ ಪದ್ಧತಿ

ಸೊಲ್ಲಾಪುರ: ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರ ತಾಲೂಕುಗಳ ಕನ್ನಡ ಶಾಲೆಯಲ್ಲಿ ಕಲಿತ ಮಕ್ಕಳು ಕಾಲೇಜಿಗೆ ಬಂದಾಗ ಹೆಚ್ಚಿನ ಪಾಠಗಳು ಮರಾಠಿ ಇಲ್ಲವೇ ಇಂಗ್ಲಿಷಿನಲ್ಲಿ ನಡೆಯುತ್ತವೆ. ವಿಷಯ ಗೊತ್ತಿದ್ದರೂ ಬಾಯಿ ಬಿಡಲು ಸಂಕೋಚ. ನೋಟ್ಸ್ ಬರೆದುಕೊಂಡು, ಬಾಯಿಪಾಠ ಮಾಡಿ ಪದವಿ ಮುಗಿಸುವವರಿದ್ದಾರೆ. ಇಂಥವರನ್ನು ಮಾತಿಗೆ ತರಬಲ್ಲ ಪದ್ಧತಿಗಳಲ್ಲಿ ತರಗತಿ ಚರ್ಚೆ ಒಂದು.

ಇದು ಗ್ಯಾದರಿಂಗ್‌ನಲ್ಲಿ ನಡೆಯುವ ಚರ್ಚಾಸ್ಪರ್ಧೆಯಲ್ಲ. ಅಲ್ಲಿ ನಾಲ್ಕಾರು ಮಾತುಗಾರರು ಮಾತನಾಡುತ್ತಾರೆ, ಉಳಿದವರು ಚಪ್ಪಾಳೆ ತಟ್ಟುತ್ತಾರೆ. ಇಲ್ಲಿ ಎಲ್ಲರಿಗೂ ಕೆಲಸವಿದೆ.

ಒಂದು ಉದಾಹರಣೆ ನೋಡೋಣ. ಅರ್ಥಶಾಸ್ತ್ರದ ತರಗತಿಗೆ 'ಕಬ್ಬಿಗೆ ಉಜನಿ ನೀರು ಕೊಡುವುದಕ್ಕೆ ಮಿತಿ ಹಾಕಬೇಕು' ಎಂಬ ವಿಷಯ ಕೊಡಬಹುದು. ಭೀಮಾ ನದಿಯ ಉಜನಿ ಅಣೆಕಟ್ಟು 1980ರಲ್ಲಿ ಪೂರ್ಣಗೊಂಡಿತು. ಮಳೆ ಕಡಿಮೆ ಇರುವ ಈ ಜಿಲ್ಲೆಯಲ್ಲಿ ಈಗ 30ಕ್ಕೂ ಹೆಚ್ಚು ಸಕ್ಕರೆ ಕಾರ್ಖಾನೆಗಳಿವೆ. ಕಬ್ಬು ಹೊಲದಲ್ಲಿ ವರ್ಷವಿಡೀ ನೀರು ಕೇಳುತ್ತದೆ. ಹಿಂಗಾರಿ ಜೋಳ ಕರಿಮಣ್ಣಿನ ತೇವದಲ್ಲೇ ಬಹುಮಟ್ಟಿಗೆ ಬೆಳೆಯುತ್ತದೆ. ಆದರೆ ಕಬ್ಬಿಗೆ ಕಾರ್ಖಾನೆಯ ಖರೀದಿ ಇದೆ, ಜೋಳಕ್ಕೆ ಅಂಥ ಖಾತ್ರಿ ಇಲ್ಲ. ಎರಡೂ ಕಡೆ ಹೇಳುವುದು ಬೇಕಾದಷ್ಟಿದೆ.

ಒಂದು ವಾರ ಮೊದಲೇ ವಿಷಯ ತಿಳಿಸಬೇಕು. ಒಂದು ಗುಂಪು ಪರ, ಒಂದು ವಿರೋಧ, ಮೂರನೆಯದು ತೀರ್ಪುಗಾರರು. ಪ್ರತಿಯೊಬ್ಬರಿಗೂ ಮೂರು ನಿಮಿಷ. ನಂತರ ಪ್ರಶ್ನೆಗಳು. ಮುಖ್ಯ ಹೆಜ್ಜೆ ಇದರ ನಂತರದ್ದು: ಪರ ಮಾತನಾಡಿದವರು ವಿರೋಧಕ್ಕೆ, ವಿರೋಧದವರು ಪರಕ್ಕೆ ಬರಬೇಕು. ಕಬ್ಬು ಬೆಳೆಯುವವರ ಮಗ ಆಗ ಕೊನೆಯ ಕಾಲುವೆಯ ಜೋಳದ ರೈತನ ಪರ ಲೆಕ್ಕ ಹುಡುಕಬೇಕಾಗುತ್ತದೆ. ಎದುರಿನವರ ವಾದವನ್ನು ಅವರಷ್ಟೇ ಚೆನ್ನಾಗಿ ಹೇಳಬಲ್ಲವನು ವಿಷಯ ಕಲಿತಂತೆ. ಎರಡು ರಾಜ್ಯಗಳ ಮಾತನ್ನು ದಿನವೂ ಕೇಳುವ ಗಡಿಭಾಗದವರಿಗೆ ಈ ಅಭ್ಯಾಸದ ಬೆಲೆ ಬೇರೆ ಹೇಳಬೇಕಿಲ್ಲ.

ಭಾಷೆಯ ಪ್ರಶ್ನೆಗೂ ಇಲ್ಲಿ ದಾರಿಯಿದೆ. ಮೊದಲ ಸುತ್ತು ಕನ್ನಡದಲ್ಲೋ ಮರಾಠಿಯಲ್ಲೋ, ಅವರವರಿಗೆ ಬಂದ ಮಾತಿನಲ್ಲಿ ನಡೆಯಲಿ. ಮುಖ್ಯ ಪದಗಳನ್ನು ಪರೀಕ್ಷೆಯ ಭಾಷೆಯಲ್ಲಿ ಪ್ರಾಧ್ಯಾಪಕರು ಹಲಗೆಯ ಮೇಲೆ ಬರೆಯಲಿ. ಎರಡನೆಯ ಸುತ್ತು ಆ ಭಾಷೆಯಲ್ಲೇ ಆಗಲಿ. ವಿಚಾರ ಮೊದಲೇ ಕೈಗೆ ಬಂದಿರುವುದರಿಂದ ಹೆದರಿಕೆ ಕಡಿಮೆಯಾಗುತ್ತದೆ.

ವಾದಿಸಿ ತಿಳಿಯುವುದು ಈ ಊರಿಗೆ ಹೊಸದೇನಲ್ಲ. ಸೊನ್ನಲಿಗೆ ಎಂದರೆ ಇದೇ ಸೊಲ್ಲಾಪುರ. ಇಲ್ಲಿ ಕೆರೆ, ಗುಡಿ ಕಟ್ಟಿಸುತ್ತಿದ್ದ ಸಿದ್ಧರಾಮರನ್ನು ಅಲ್ಲಮಪ್ರಭುಗಳು ಪ್ರಶ್ನಿಸಿದ್ದು, ಅವರು ಉತ್ತರ ಕೊಟ್ಟದ್ದು, ಕೊನೆಗೆ ಇಬ್ಬರೂ ಕಲ್ಯಾಣಕ್ಕೆ ಹೋದದ್ದು 'ಶೂನ್ಯಸಂಪಾದನೆ'ಯಲ್ಲಿ ಸಂವಾದದ ರೂಪದಲ್ಲೇ ಬಂದಿದೆ.

ಈ ಪದ್ಧತಿಗೆ ತೊಡಕುಗಳೂ ಇವೆ. ನೂರು ಜನರ ತರಗತಿಯಲ್ಲಿ ಗುಂಪು ಮಾಡುವುದು ಕಷ್ಟ, ಪಠ್ಯ ಮುಗಿಸುವ ಅವಸರವೂ ಇರುತ್ತದೆ. ಗಟ್ಟಿ ಧ್ವನಿಯವರೇ ಗೆಲ್ಲುವ ಅಪಾಯವೂ ಇದೆ. ಆದ್ದರಿಂದ ಅಂಕ ಕೊಡಬೇಕಾದದ್ದು ಆಧಾರಕ್ಕೆ, ಆರ್ಭಟಕ್ಕಲ್ಲ. ತಿಂಗಳಿಗೆ ಒಂದು ತಾಸು ಇದಕ್ಕೆ ಮೀಸಲಿಟ್ಟರೂ ಹಿಂದಿನ ಬೆಂಚಿನ ಮಕ್ಕಳಿಗೆ ಮಾತನಾಡುವ ಸರದಿ ಬರುತ್ತದೆ.